ಗಾಲಿಯ ನಟ್ಟು ಮತ್ತೆ ಮತ್ತೆ ಸಡಿಲುವುದೇಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳಲ್ಲಿ ಹಳೆಯ ವಾಹನಕ್ಕೆ ಸಲ್ಲುವ ಮರ್ಯಾದೆಯು ಮನೆಯಲ್ಲಿ ದುಡಿದು ಮುದಿಯಾದ ಎತ್ತಿಗೆ ಸಲ್ಲುವ ಮರ್ಯಾದೆಗಿಂತ ಕಡಿಮೆಯದಲ್ಲ. ತಂದೆಯು ಕೊಂಡ ಜೀಪನ್ನು ಮಗನು ಓಡಿಸುವುದೂ, ಒಂದು ಮನೆಯ ಟ್ರ್ಯಾಕ್ಟರು ಮೂರು ಕೈ ದಾಟಿ ಮತ್ತೊಂದು ಹಳ್ಳಿಯಲ್ಲಿ ಶೇಂಗಾ ಹೊರುವುದೂ ಇಲ್ಲಿ ನಿತ್ಯದ ಮಾತು. ಸ್ವಂತ ಉಪಯೋಗದ ವಾಹನಕ್ಕೆ 15 ವರ್ಷ ತುಂಬಿದ ತರುವಾಯ ಅದನ್ನು ಪರೀಕ್ಷೆಗೊಳಪಡಿಸಿ, ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕೆಂಬುದು ನಿಯಮ. ಹಾಗೆ ಎರಡು ಮೂರು ಸಲ ನವೀಕರಿಸಿಕೊಂಡು ಇನ್ನೂ ದುಡಿಯುತ್ತಿರುವ ಗಾಡಿಗಳು ಈ ಸೀಮೆಯಲ್ಲಿ ಹೇರಳವಾಗಿವೆ.

ಇಂತಹ ವಾಹನವನ್ನಿಟ್ಟುಕೊಂಡ ಗೃಹಸ್ಥರು ಪದೇ ಪದೇ ಹೇಳಿಕೊಳ್ಳುವ ದೂರೊಂದುಂಟು. ಗಾಲಿಯ ನಟ್ಟುಗಳನ್ನು ಎಷ್ಟು ಬಿಗಿದರೂ ಅವು ನಾಲ್ಕು ದಿನದಲ್ಲಿ ಸಡಿಲವಾಗುತ್ತವೆ. ಮತ್ತೆ ಬಿಗಿದರೆ ಮತ್ತೆ ಸಡಿಲು. ಪಂಕ್ಚರ್ ಅಂಗಡಿಯ ಹುಡುಗನು ಪಾನಾಕ್ಕೆ ಉದ್ದನೆಯ ಕಬ್ಬಿಣದ ಕೊಳವೆಯನ್ನು ಸಿಕ್ಕಿಸಿ, ಅದರ ಮೇಲೆ ಎರಡು ಕಾಲನ್ನೂ ಇಟ್ಟು ಕುಣಿದು, “ಇನ್ನು ಹೆದರಬ್ಯಾಡ್ರಿ” ಎಂದು ಧೈರ್ಯ ಹೇಳಿ ಕಳುಹಿಸುತ್ತಾನೆ. ಮುಂದಿನ ವಾರವೂ ಅದೇ ಕಥೆ. ಇದನ್ನು ಕುರಿತು ಕೊಂಚ ವಿಸ್ತಾರವಾಗಿ ಬರೆಯಬೇಕೆಂದು ನನಗೆ ತೋರಿತು. ಯಾಕಂದರೆ ಈ ಗಾಡಿಗಳಲ್ಲಿ ಕುಳಿತುಕೊಳ್ಳತಕ್ಕವರು ನಮ್ಮ ಮನೆಯವರೇ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಗಾಗಲಿ, ಕೊಟ್ಟೂರೇಶ್ವರನ ತೇರಿಗಾಗಲಿ, ಕಾನೂನು ಒಪ್ಪದಿದ್ದರೂ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೆಂಗಸರು ಮಕ್ಕಳು ಬುತ್ತಿಗಂಟಿನ ಸಮೇತ ಕಿಕ್ಕಿರಿದು ಹೊರಡುವುದನ್ನು ವಾಚಕರೆಲ್ಲರೂ ಕಂಡಿದ್ದಾರೆ. ಓಡುವ ಗಾಡಿಯಿಂದ ಕಳಚಿದ ಗಾಲಿಯು ಒಳಗಿನವರನ್ನು ಉರುಳಿಸುವುದಲ್ಲದೆ ದಾರಿಹೋಕರ ಮೇಲೂ ನುಗ್ಗುತ್ತದೆ. ಲಾರಿಯ ಒಂದು ಗಾಲಿಯು ಟೈರು ಸಹಿತವಾಗಿ ನೂರು ಕಿಲೋಗ್ರಾಂ ಆಸುಪಾಸು ತೂಗುತ್ತದೆಂಬುದನ್ನು ನೆನೆದರೆ ಸಾಕು. ಬ್ರಿಟನ್ನಿನ ಸಾರಿಗೆ ಸಂಶೋಧಕರು 2006ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಆ ಒಂದು ದೇಶದಲ್ಲಿಯೇ ವರ್ಷಕ್ಕೆ 150ರಿಂದ 400ರವರೆಗೆ ಭಾರಿ ವಾಹನಗಳ ಗಾಲಿಗಳು ಕಳಚುತ್ತಿದ್ದವು. ಅದರ ಫಲವಾಗಿ 3ರಿಂದ 7 ಪ್ರಾಣಾಂತಿಕ ಅಪಘಾತಗಳು ಆಗುತ್ತಿದ್ದವು. ಅಂಗೈಯಂತೆ ನುಣುಪಾದ ರಸ್ತೆಗಳಿರುವ ದೇಶದ ಮಾತಿದು.

ನಮ್ಮ ಜನರಿಗೆ ಗಾಲಿಯ ವಿಷಯವು ಹೊಸದೇನೂ ಅಲ್ಲ. ಎತ್ತಿನ ಬಂಡಿಯ ಅಚ್ಚಿನ ತುದಿಯಲ್ಲಿ ಗಾಲಿಯು ಜಾರಿಹೋಗದಂತೆ ತೂರಿಸುವ ಕೀಲಿಗೆ ಕನ್ನಡದಲ್ಲಿ ಕಡಾಣಿ ಎಂದು ಹೆಸರು. ಎಂದರೆ ಕಡೆಯ ಆಣಿ. ಆಣಿ ಎಂಬ ಮಾತು ಋಗ್ವೇದದಲ್ಲಿಯೇ ರಥದ ಕೀಲು ಎಂಬ ಅರ್ಥದಲ್ಲಿ ಬಂದಿದೆ. ಇಷ್ಟು ಪುರಾತನವಾದ ಪದವೊಂದನ್ನು ನಮ್ಮ ಒಕ್ಕಲಿಗನು ದಿನವೂ ಬಂಡಿ ಹೂಡುವಾಗ ಬಾಯಲ್ಲಿ ಆಡುತ್ತಿದ್ದನೆಂಬುದು ಸಂತೋಷದ ಸಂಗತಿ. ಯುದ್ಧದಲ್ಲಿ ದಶರಥನ ರಥದ ಕೀಲು ಬಿದ್ದುಹೋಗಲು ಕೈಕೇಯಿಯು ತನ್ನ ಬೆರಳನ್ನೇ ಕೀಲಾಗಿಟ್ಟು ಗಂಡನನ್ನು ಉಳಿಸಿದಳೆಂಬ ಕಥೆಯನ್ನು ಹರಿದಾಸರ ಬಾಯಿಂದ ಕೇಳದವರಾರು? ವಾಲ್ಮೀಕಿಯಲ್ಲಿ ಈ ಬೆರಳಿನ ಪ್ರಸ್ತಾಪವಿಲ್ಲ. ಮೂರ್ಛಿತನಾದ ರಾಜನನ್ನು ಅವಳು ರಣರಂಗದಿಂದ ಪಾರುಮಾಡಿದಳೆಂದಷ್ಟೇ ಇದೆ. ಆದರೂ ಜನರ ಕಥೆಯಲ್ಲಿ ತಿಳಿವಳಿಕೆಯೊಂದು ಅಡಗಿದೆ. ಕಡಾಣಿಯ ಕೆಲಸವು ಅಡ್ಡ ನಿಲ್ಲುವುದು ಮಾತ್ರ. ಅದು ಅಲ್ಲಿದ್ದರೆ ಗಾಲಿ ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಬಿಗಿಯಾಗಿ ಕುಳಿತಿದೆಯೋ ಸಡಿಲವಾಗಿ ಆಡುತ್ತಿದೆಯೋ ಎಂಬುದು ಅಷ್ಟು ಮುಖ್ಯವಲ್ಲ.

ತೊಡಕು ಹುಟ್ಟುವುದು ಇಲ್ಲಿಯೇ. ಮೋಟಾರು ಗಾಡಿಯ ನಟ್ಟನ್ನೂ ನಾವು ಕಡಾಣಿಯೆಂದೇ ತಿಳಿಯುತ್ತೇವೆ. ಗಾಲಿಯು ಐದು ನಟ್ಟುಗಳ ಮೇಲೆ ತೂಗಿಕೊಂಡಿದೆ, ನಟ್ಟುಗಳು ಅದನ್ನು ಬೀಳದಂತೆ ತಡೆದಿವೆ ಎಂದು ನಮ್ಮ ಭಾವನೆ. ಸಂಗತಿಯು ಹಾಗಿಲ್ಲ.

ಹಬ್ ಎಂಬ ನಾಭಿಯಿಂದ ಹೊರಕ್ಕೆ ಚಾಚಿಕೊಂಡಿರುವ ತಿರುಪುಮೊಳೆಗಳಿಗೆ ಸ್ಟಡ್ಡುಗಳೆಂದೂ, ಟೈರನ್ನು ಹೊತ್ತ ಉಕ್ಕಿನ ತಟ್ಟೆಗೆ ಡಿಸ್ಕ್ ಎಂದೂ ಗ್ಯಾರೇಜಿನವರು ಹೇಳುತ್ತಾರೆ. ನಟ್ಟನ್ನು ತಿರುಗಿಸಿದಂತೆ ಅದು ಸ್ಟಡ್ಡನ್ನು ಎಳೆಯುತ್ತದೆ. ಉಕ್ಕಾದರೂ ಸ್ಟಡ್ಡು ರಬ್ಬರಿನಂತೆ ಅತ್ಯಲ್ಪವಾಗಿ ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗಲೆಳಸುತ್ತದೆ, ಆ ಎಳಸುವ ಬಲವೇ ಡಿಸ್ಕನ್ನು ಹಬ್‌ನ ಮೈಗೆ ಒತ್ತಿ ಹಿಡಿಯುತ್ತದೆ. ಹೀಗೆ ಒತ್ತಿದ ಎರಡು ಉಕ್ಕಿನ ಮುಖಗಳ ನಡುವಣ ಘರ್ಷಣೆಯು ಗಾಡಿಯ ಭಾರವನ್ನು ಹೊರುತ್ತದೆಯೇ ಹೊರತು ನಟ್ಟಲ್ಲ, ಸ್ಟಡ್ಡೂ ಅಲ್ಲ. ಲೆಕ್ಕವನ್ನು ನೋಡಿರಿ. ಜೀಪಿನಂತಹ ಗಾಡಿಯ ನಟ್ಟಿಗೆ ಬೇಕಾದ ಬಿಗಿತವು, ಒಂದು ಮೀಟರು ಉದ್ದದ ಪಾನಾದ ತುದಿಗೆ 10 ಕಿಲೋಗ್ರಾಂ ಆಸುಪಾಸಿನ ತೂಕವನ್ನು ತೂಗುಬಿಟ್ಟಷ್ಟು. ಲಾರಿಗೆ ಇದರ ಐದಾರು ಪಟ್ಟು ಬೇಕು. ಜೀಪಿನ ಅಷ್ಟು ಸಣ್ಣ ಬಿಗಿತದಿಂದಲೇ ಒಂದೊಂದು ಸ್ಟಡ್ಡೂ ಸುಮಾರು 4 ಟನ್ನಿನ ಬಲದಿಂದ ಒತ್ತುತ್ತದೆ. ಐದು ಸ್ಟಡ್ಡುಗಳಿಗೆ 20 ಟನ್ನು. ಒಂದೊಂದು ಟನ್ನು ಹೇರಿದ ಇಪ್ಪತ್ತು ಬಂಡಿಗಳು ಒಟ್ಟಾಗಿ ಡಿಸ್ಕಿನ ಮೇಲೆ ಕುಳಿತಂತೆ!

ಇಷ್ಟೊಂದು ಬಲವಿದ್ದ ಮೇಲೆ ನಟ್ಟು ಸಡಿಲುವುದೆಂತು ಎಂದು ಕೇಳಬಹುದು. ಇದರ ಮರ್ಮವು ಸ್ಟಡ್ಡು ಹಿಗ್ಗುವ ಪ್ರಮಾಣದಲ್ಲಿದೆ. ಅದು ಮಿಲಿಮೀಟರಿನ ನೂರು ಪಾಲುಗಳಲ್ಲಿ ಮೂರು ನಾಲ್ಕು ಪಾಲು ಮಾತ್ರ. ಎಂದರೆ ಒಂದು ತಲೆಗೂದಲಿನ ಅರ್ಧದಷ್ಟು. ಆ ಅರ್ಧ ಕೂದಲಿನ ಹಿಗ್ಗುವಿಕೆಯೇ ನಮ್ಮ ಇಪ್ಪತ್ತು ಬಂಡಿಗಳ ಭಾರ. ಈಗ ಡಿಸ್ಕಿಗೂ ಹಬ್‌ಗೂ ನಡುವೆ ಒಂದು ಕೂದಲಷ್ಟು ದಪ್ಪದ ಬಣ್ಣವೋ ತುಕ್ಕಿನ ಹಕ್ಕಳೆಯೋ ಎರೆಮಣ್ಣೋ ಸಿಕ್ಕಿಕೊಂಡಿದೆಯೆಂದು ಭಾವಿಸಿರಿ. ಬಿಗಿದ ದಿನ ಎಲ್ಲವೂ ಗಟ್ಟಿಯಾಗಿಯೇ ಇರುತ್ತದೆ. ಹತ್ತು ಹರದಾರಿ ಓಡುವಷ್ಟರಲ್ಲಿ ಆ ಬಣ್ಣವು ನುಗ್ಗಾಗಿ, ಮಣ್ಣು ಪುಡಿಯಾಗಿ ಉದುರುತ್ತದೆ; ಸ್ಟಡ್ಡು ಅಷ್ಟು ಕುಗ್ಗುತ್ತದೆ; ಬಲವೆಲ್ಲ ಮಾಯವಾಗುತ್ತದೆ. ನಟ್ಟು ಒಂದು ಎಳೆಯಷ್ಟೂ ತಿರುಗಿರುವುದಿಲ್ಲ, ಆದರೆ ಹಿಡಿತ ಹೋಗಿರುತ್ತದೆ. ಹಿಡಿತ ಹೋದ ಡಿಸ್ಕು ಪ್ರತಿ ಸುತ್ತಿಗೂ ಅತ್ತಿತ್ತ ಜರುಗುತ್ತದೆ. ಹೀಗೆ ಅಡ್ಡಲಾಗಿ ಜರುಗುವ ಅಲುಗಾಟವೇ ನಟ್ಟನ್ನು ತಿರುಗಿಸಿ ಬಿಚ್ಚತಕ್ಕದ್ದೆಂದು ಜರ್ಮನಿಯ ಯುಂಕರ್ ಎಂಬ ಯಂತ್ರಶಾಸ್ತ್ರಜ್ಞರು 1969ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಜೀಪಿನ ಗಾಲಿಯು ಕಿಲೋಮೀಟರಿಗೆ ಸುಮಾರು 440 ಸುತ್ತು ತಿರುಗುತ್ತದೆ. 20 ಕಿಲೋಮೀಟರ್ ಹೋದರೆ ಎಂಟು ಸಾವಿರದ ಮೇಲೆ ಸುತ್ತುಗಳು, ಅಷ್ಟೇ ಸಲ ಸ್ಟಡ್ಡಿಗೆ ಬಾಗಾಟ. ತಂತಿಯನ್ನು ಹತ್ತಾರು ಸಲ ಬಾಗಿಸಿ ಮುರಿಯುವ ಮಕ್ಕಳ ಆಟವನ್ನು ನೋಡಿದವರಿಗೆ ಸ್ಟಡ್ಡು ಏಕೆ ತುಂಡಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಕೂಡ್ಲಿಗಿಯಲ್ಲಿ ನಮ್ಮ ನೆರೆಯವರೊಬ್ಬರ ಹಳೆಯ ಜೀಪಿಗೆ ಒದಗಿದ ಪಾಡನ್ನು ನಾನು ಹತ್ತಿರದಿಂದ ಕಂಡೆನು. ಎಡಗಡೆಯ ಹಿಂದಿನ ಗಾಲಿಯ ನಟ್ಟುಗಳು ಒಂದು ತಿಂಗಳಲ್ಲಿ ಮೂರು ಸಲ ಸಡಿಲಿದವು. ಮೂರು ಸಲವೂ ಮೂರು ಅಂಗಡಿಗಳಲ್ಲಿ ಕೊಳವೆ ಹಾಕಿ ಬಿಗಿದರು. ಮೂರನೆಯ ಸಲವಂತೂ ಗುಡೇಕೋಟೆಯ ಕಡೆಯಿಂದ ರಾತ್ರಿಯಲ್ಲಿ ಬರುವಾಗ ಗಾಲಿಯು ಟಕಟಕ ಸದ್ದು ಮಾಡಲಾರಂಭಿಸಿತು. ಆ ಸೀಮೆಯು ಕರಡಿಧಾಮವಷ್ಟೆ! ಜಾಕು ಹಾಕಿ ಕುಳಿತವರ ಕಣ್ಣು ನಟ್ಟಿನ ಮೇಲಿದ್ದುದಕ್ಕಿಂತ ಪೊದೆಗಳ ಮೇಲೆಯೇ ಹೆಚ್ಚಾಗಿದ್ದಿತಂತೆ. ಮರುದಿನ ಅವರು ವಯಸ್ಸಾದ ಮಿಸ್ತ್ರಿಯೊಬ್ಬರ ಬಳಿಗೆ ಹೊರಟಾಗ ಕುತೂಹಲದಿಂದ ನಾನೂ ಜತೆಗೂಡಿದೆನು. ಮಿಸ್ತ್ರಿಯು ಪಾನಾವನ್ನು ಮುಟ್ಟುವುದಕ್ಕೆ ಮೊದಲು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸುಮ್ಮನೆ ನೋಡಿದರು. ನಟ್ಟುಗಳ ಸುತ್ತಲಿನಿಂದ ಕೆಂಪು ತುಕ್ಕಿನ ಗೆರೆಗಳು ಹೊರಕ್ಕೆ ಹರಡಿದ್ದವು. “ನೋಡ್ರಿ ಮೇಷ್ಟ್ರೇ, ಡಿಸ್ಕು ಅಳಾಕ ಹತ್ತೇತಿ” ಎಂದರು. ಒಳಗೆ ಲೋಹವು ಲೋಹವನ್ನು ಉಜ್ಜುತ್ತಿದ್ದರೆ ಹೊರಗೆ ಈ ಕೆಂಪು ಕಣ್ಣೀರು ಕಾಣುವುದೆಂದು ಅವರ ಅನುಭವ. ಅದು ಶಾಸ್ತ್ರಕ್ಕೂ ಒಪ್ಪುವ ಮಾತು.

ಗಾಲಿಯನ್ನು ಬಿಚ್ಚಿದಾಗ ಕಂಡದ್ದಿಷ್ಟು. ಹಿಂದಿನ ವರ್ಷ ಗಾಡಿಗೆ ಹೊಸ ಬಣ್ಣ ಹೊಡೆಸಿದಾಗ ಬಣ್ಣದವನು ಡಿಸ್ಕಿನ ಒಳಮೈಯನ್ನೂ ಬ್ರೇಕ್ ಡ್ರಮ್ಮಿನ ಮುಖವನ್ನೂ ಬಿಡದೆ ದಪ್ಪವಾಗಿ ಬಳಿದಿದ್ದನು. ಆ ಬಣ್ಣವು ಅಲ್ಲಲ್ಲಿ ಎದ್ದು ಸಿಪ್ಪೆಯಾಗಿತ್ತು. ಡಿಸ್ಕಿನ ರಂಧ್ರಗಳು ಗುಂಡಗಿರಬೇಕಾದವು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದವು. ನಟ್ಟಿನ ಮೂತಿಯು ಕೂಡಬೇಕಾದ ಇಳಿಜಾರು ಅಂಚು ಸವೆದು ಹೋಗಿತ್ತು. ಎರಡು ಸ್ಟಡ್ಡುಗಳ ನಡುವು, ಕೊಳವೆಯ ಬಿಗಿತಕ್ಕೆ ಎಳೆದೆಳೆದು, ಸಣ್ಣಗಾಗಿತ್ತು. ಹೀಗೆ ಒಮ್ಮೆ ಮಿತಿಮೀರಿ ಹಿಗ್ಗಿದ ಸ್ಟಡ್ಡು ಮತ್ತೆ ಕುಗ್ಗುವುದಿಲ್ಲ. ಹಳೆಯ ಜನಿವಾರದಂತೆ ಜೋಲುತ್ತದೆ, ಒತ್ತುವ ಶಕ್ತಿಯು ಅದರಲ್ಲಿ ಇರುವುದಿಲ್ಲ. “ನಟ್ಟಿಂದೇನೂ ತಪ್ಪಿಲ್ರಿ, ಅದು ಕೂಡೋ ಜಾಗಾನೇ ಹೋಗೇತಿ” ಎಂದು ಮಿಸ್ತ್ರಿ ತೀರ್ಪು ಕೊಟ್ಟರು. ನನಗೆ ಅವರ ಮಾತು ದೊಡ್ಡ ಭಾಷ್ಯಕ್ಕಿಂತ ಸ್ಪಷ್ಟವಾಗಿ ತೋರಿತು. ಸಡಿಲುವುದೆಂಬುದು ರೋಗವಲ್ಲ, ರೋಗದ ಲಕ್ಷಣ. ಬಿಗಿಯುತ್ತ ಹೋಗುವುದು ಜ್ವರ ಬಂದವನಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸಿದಂತೆ. ಅಷ್ಟೇ ಅಲ್ಲ, ಪ್ರತಿ ಸಲದ ಅತಿ ಬಿಗಿತವೂ ಸ್ಟಡ್ಡನ್ನು ಇನ್ನಷ್ಟು ಎಳೆದು, ಮುಂದಿನ ಸಡಿಲಿಕೆಯನ್ನು ತಾನೇ ಸಿದ್ಧಪಡಿಸುತ್ತದೆ.

ದೋಷವು ಗಾಲಿಯಲ್ಲಿದೆಯೋ ಹಬ್‌ನಲ್ಲಿದೆಯೋ ಎಂದು ಸಂದೇಹ ಬಂದಲ್ಲಿ ನಮ್ಮ ತಾರ್ಕಿಕರ ಅನ್ವಯ-ವ್ಯತಿರೇಕಗಳೇ ದಾರಿ ತೋರುತ್ತವೆ. ಒಂದಿದ್ದಲ್ಲಿ ಇನ್ನೊಂದಿದ್ದು, ಅದಿಲ್ಲದಲ್ಲಿ ಇದೂ ಇಲ್ಲವಾದರೆ, ಕಾರಣವನ್ನು ಹಿಡಿದಂತಾಯಿತು. ಸಡಿಲುವ ಗಾಲಿಯನ್ನು ಬಿಚ್ಚಿ ಬೇರೊಂದು ಮೂಲೆಗೆ ಹಾಕಿ, ಅಲ್ಲಿದ್ದುದನ್ನು ಇಲ್ಲಿಗೆ ತಂದು, ನಟ್ಟುಗಳನ್ನು ಮಾತ್ರ ಆಯಾ ಜಾಗದಲ್ಲೇ ಉಳಿಸಿ ಓಡಿಸತಕ್ಕದ್ದು. ಸಡಿಲಿಕೆಯು ಗಾಲಿಯ ಹಿಂದೆ ಹೋದರೆ ದೋಷವು ಡಿಸ್ಕಿನದು. ಹಳೆಯ ಜಾಗದಲ್ಲೇ ನಿಂತರೆ ಸ್ಟಡ್ಡು, ನಟ್ಟು ಅಥವಾ ಹಬ್‌ನದು. ಇದನ್ನು ಊರ ಸಮೀಪದಲ್ಲಿ, ನಿಧಾನವಾಗಿ, ಒಬ್ಬರೇ ಕುಳಿತು, ಐದಾರು ಕಿಲೋಮೀಟರಿಗೊಮ್ಮೆ ಇಳಿದು ಪರೀಕ್ಷಿಸುತ್ತ ಮಾಡಬೇಕೇ ಹೊರತು ಜಾತ್ರೆಗೆ ಹೊರಟ ದಿನವಲ್ಲ.

ಎಡಗಡೆಯ ಗಾಲಿಗಳೇ ಏಕೆ ಹೆಚ್ಚಾಗಿ ಸಡಿಲುತ್ತವೆಂದು ಅನೇಕರು ಕೇಳುವುದುಂಟು. ಬ್ರಿಟನ್ನಿನ ಸಂಶೋಧಕರಿಗೂ ಎಡಬದಿಯ ಹಿಂದಿನ ಗಾಲಿಗಳೇ ಹೆಚ್ಚಾಗಿ ಕಂಡುಬಂದವು. ಸಾಮಾನ್ಯವಾದ ನಟ್ಟು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬಿಗಿಯಾಗಿ, ವಿರುದ್ಧ ದಿಕ್ಕಿನಲ್ಲಿ ಬಿಚ್ಚುತ್ತದೆ. ಗಾಡಿಯು ಮುಂದಕ್ಕೆ ಓಡುವಾಗ ಎಡಗಾಲಿಯನ್ನು ಹೊರಗಿನಿಂದ ನೋಡಿದರೆ, ಅದು ತಿರುಗುವುದು ನಟ್ಟು ಬಿಚ್ಚುವ ದಿಕ್ಕಿನಲ್ಲಿಯೇ. ನಟ್ಟಿನ ಇಳಿಜಾರು ಮೂತಿಯು ಡಿಸ್ಕಿನ ರಂಧ್ರದಲ್ಲಿ ಸಂದಿಲ್ಲದಂತೆ ಕುಳಿತಿದ್ದರೆ ಇದರಿಂದ ಬಾಧೆಯಿಲ್ಲ; ಅಂಚು ಸವೆದು ಸಂದಿಯಾದರೆ ಡಿಸ್ಕಿನ ಪ್ರತಿ ಸುತ್ತೂ ನಟ್ಟನ್ನು ಕೊಂಚ ಕೊಂಚವಾಗಿ ಹಿಂದಕ್ಕೆ ದೂಡುತ್ತದೆ. ಇದನ್ನರಿತೇ ಹಿಂದಿನ ಕಾಲದ ತಯಾರಕರು ಎಡಗಾಲಿಗಳಿಗೆ ಉಲ್ಟಾ ತಿರುಪಿನ ನಟ್ಟುಗಳನ್ನು ಕೊಡುತ್ತಿದ್ದರು. ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಈ ಏರ್ಪಾಡಿತ್ತು. 1947ರಿಂದ ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು ಆ ವಿಲ್ಲಿಸ್ ವಂಶದ ಗಾಡಿಯನ್ನೇ. ಕಾಲಾನಂತರದಲ್ಲಿ ತಯಾರಕರು ಈ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಟ್ಟರು. ಆದರೆ ಹಳೆಯ ಗಾಡಿಗಳು ಗುಜರಿಯ ಭಾಗಗಳಿಂದ ಬದುಕತಕ್ಕವು. ಒಂದು ಗಾಲಿಗೆ ಉಲ್ಟಾ ತಿರುಪು, ಇನ್ನೊಂದಕ್ಕೆ ಸುಲ್ಟಾ ತಿರುಪು ಎಂಬ ಮಿಶ್ರಕುಟುಂಬಗಳನ್ನು ನಾನೇ ಕಂಡಿದ್ದೇನೆ. ತಿಳಿಯದವನು ಬಿಚ್ಚುತ್ತೇನೆಂದು ಬಿಗಿದು ಸ್ಟಡ್ಡನ್ನೇ ಮುರಿಯುತ್ತಾನೆ.

ಇಲ್ಲಿಯವರೆಗೂ ಹೇಳಿದ್ದು ಸಣ್ಣ ಗಾಲಿಗಳ ಮಾತು. ದೊಡ್ಡ ಗಾಲಿಯು ಕೆಟ್ಟರೆ ಏನಾಗುವುದೆಂಬುದನ್ನು ಈ ಐದು ತಾಲ್ಲೂಕಿನವರು ಮರೆತಿರಲಾರರು. 2017ನೆಯ ಇಸವಿಯ ಫೆಬ್ರುವರಿ 21ರಂದು ಕೊಟ್ಟೂರಿನಲ್ಲಿ ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರು, ಸುಮಾರು 60 ಅಡಿ ಎತ್ತರದ್ದು, ಜನಸಾಗರದ ನಡುವೆ ಸಾಗುತ್ತಿರುವಾಗಲೇ ವಾಲಿ ಉರುಳಿತು. ಹಲವರಿಗೆ ಗಾಯಗಳಾದವು. ತೇರಿನ ಅಚ್ಚು ಮುರಿದದ್ದೇ ಕಾರಣವೆಂದು ಅಂದು ವರದಿಯಾಯಿತು. ತೇರಿಗೆ ನಟ್ಟುಗಳ ಗೊಡವೆಯಿಲ್ಲ, ನಿಜ. ಆದರೆ ಮೇಲಿನ ಅಲಂಕಾರ, ಪತಾಕೆ, ಹೂವಿನ ಹಾರಗಳನ್ನು ಕಣ್ತುಂಬ ನೋಡುವ ನಾವು ಕೆಳಗೆ ಭಾರ ಹೊತ್ತ ಅಚ್ಚಿನ ಕಡೆಗೆ ಬಗ್ಗಿ ನೋಡುವುದು ಅಪರೂಪ. ಮನೆಯ ಗಾಡಿಯ ವಿಷಯದಲ್ಲಿಯೂ ಹಾಗೆಯೇ. ಜಾತ್ರೆಯ ಮುಂಚೆ ಗಾಡಿಯನ್ನು ತೊಳೆಸಿ, ಕನ್ನಡಿಗೆ ನಿಂಬೆಹಣ್ಣು ಕಟ್ಟಿ, ಹಡಗಲಿಯ ಮಲ್ಲಿಗೆಯನ್ನು ಮುಡಿಸುವವರು ಗಾಲಿಯೊಂದನ್ನು ಬಿಚ್ಚಿ ಹಿಂಬದಿಯನ್ನು ನೋಡಿದ್ದುಂಟೆ?

ಮಿಸ್ತ್ರಿಯು ಆ ಜೀಪಿಗೆ ಮಾಡಿದ ಚಿಕಿತ್ಸೆಯನ್ನು ಹೇಳುತ್ತೇನೆ. ಅದು ಬಹುಮಟ್ಟಿಗೆ ಎಲ್ಲ ಹಳೆಯ ಗಾಡಿಗಳಿಗೂ ಅನ್ವಯಿಸುತ್ತದೆ. ಹಬ್‌ನ ಮುಖವನ್ನೂ ಡ್ರಮ್ಮನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ, ಬಣ್ಣವೂ ತುಕ್ಕೂ ಹೋಗಿ ಲೋಹವು ಬರಿಯ ಮೈಯಾಗುವಂತೆ ಮಾಡಿದರು. ರಂಧ್ರ ಹಿಗ್ಗಿದ ಡಿಸ್ಕನ್ನು ಬೆಸುಗೆ ಹಾಕಿ ಸರಿಪಡಿಸಿಕೊಡಿರೆಂದು ನೆರೆಯವರು ಕೇಳಿದರು. ಮಿಸ್ತ್ರಿ ಖಂಡಿತವಾಗಿ ಒಪ್ಪಲಿಲ್ಲ. ಬೇರೆ ಡಿಸ್ಕು ಬಂತು. ಸಣ್ಣಗಾಗಿದ್ದವು ಎರಡೇ ಸ್ಟಡ್ಡುಗಳಾದರೂ ಐದನ್ನೂ ಬದಲಿಸಿದರು, ಯಾಕಂದರೆ ಅವೆರಡರ ಭಾರವನ್ನು ಅಷ್ಟು ದಿನ ಹೊತ್ತಿದ್ದ ಮಿಕ್ಕ ಮೂರೂ ಒಳಗೆ ದಣಿದಿರುತ್ತವೆ. ಹೊಸ ನಟ್ಟುಗಳು ಬೆರಳಿನಿಂದಲೇ ಬುಡದವರೆಗೆ ತಿರುಗುತ್ತವೆಯೇ ಎಂದು ನೋಡಿದರು. ಇಳಿಜಾರು ಮೂತಿಯು ಒಳಗಡೆಗಿರುವಂತೆ ಹಾಕಿದರು. ನಟ್ಟಿನಡಿಗೆ ಸ್ಪ್ರಿಂಗ್ ವಾಷರು ಹಾಕುವುದು ಒಳ್ಳೆಯದಲ್ಲವೇ ಎಂದು ನಾನು ಕೇಳಿದ್ದಕ್ಕೆ, ಮೂತಿ ಕೂಡುವ ಜಾಗದಲ್ಲಿ ಬೇರೆ ಏನನ್ನೂ ಇಡಬಾರದೆಂದರು. ಎಣ್ಣೆಯನ್ನೂ ಬಿಡಲಿಲ್ಲ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಅಮೃತವಿದ್ದಂತೆ. ಜೀಪಿನ ನಟ್ಟಿಗೆ ಅದನ್ನು ಸವರಿದರೆ ಅದೇ ಪಾನಾದ ಬಿಗಿತಕ್ಕೆ ಸ್ಟಡ್ಡು ಮಿತಿಮೀರಿ ಹಿಗ್ಗುತ್ತದೆ. ಗಾಡಿ ತಯಾರಿಸಿದವರ ಪುಸ್ತಕವೇ ಎಣ್ಣೆ ಹಾಕೆಂದು ಹೇಳಿದ್ದರೆ ಮಾತು ಬೇರೆ.

ಬಿಗಿಯುವಾಗ ಒಂದು ನಟ್ಟಾದ ಮೇಲೆ ಪಕ್ಕದ್ದಕ್ಕೆ ಹೋಗದೆ ಎದುರಿನದಕ್ಕೆ ಹೋದರು, ಮಕ್ಕಳು ನಕ್ಷತ್ರ ಬರೆಯುವಂತೆ. ಮೊದಲು ಗಾಲಿ ಮೇಲಿರುವಾಗ ಅರ್ಧ, ನೆಲಕ್ಕಿಳಿಸಿದ ಮೇಲೆ ಪೂರ್ಣ. ಕೊನೆಗೆ ಅಳತೆ ತೋರುವ ಟಾರ್ಕ್ ಪಾನಾದಿಂದ ಪರೀಕ್ಷಿಸಿದರು. ಇಂತಹ ಪಾನಾ ಎಲ್ಲ ಗ್ಯಾರೇಜುಗಳಲ್ಲಿಯೂ ಇರುವುದಿಲ್ಲ, ಇದ್ದರೂ ಗೋಡೆಯ ಮೇಲೆ ತೂಗಿಕೊಂಡಿರುವುದೇ ಹೆಚ್ಚು. ಕೇಳಿ ತೆಗೆಸುವುದು ಗೃಹಸ್ಥನ ಕೆಲಸ. “ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಬರ್ರಿ” ಎಂದು ಹೇಳಿ ಕಳುಹಿಸಿದರು. ಹೊಸದಾಗಿ ಕೂಡಿಸಿದ ಲೋಹದ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಆ ಅರ್ಧ ಕೂದಲಿನಲ್ಲಿ ಕೊಂಚ ಪಾಲು ಕರಗುವುದು ಸಹಜ. ಅಂದು ಹೋದಾಗ ಎರಡು ನಟ್ಟುಗಳು ತುಸು ತಿರುಗಿದವು. ಮತ್ತೆ ಇನ್ನೂರು ಕಿಲೋಮೀಟರ್ ಆದ ಮೇಲೆ ನೋಡಿದರೆ ಐದೂ ಕದಲಲಿಲ್ಲ.

ಗಾಲಿಯನ್ನು ಯಾವ ಕಾರಣಕ್ಕೆ ಬಿಚ್ಚಿದರೂ, ಪಂಕ್ಚರಿಗೇ ಆಗಲಿ, ಈ ಎರಡನೆಯ ಬಿಗಿತವನ್ನು ತಪ್ಪಿಸಬಾರದು. ಟ್ರಾಲಿಯ ಗಾಲಿಗಳನ್ನು ಯಾರೂ ನೋಡುವುದೇ ಇಲ್ಲವಾದ್ದರಿಂದ ಅವಕ್ಕೆ ಇದು ಮೊದಲು ಸಲ್ಲಬೇಕು; ಮೆಕ್ಕೆಜೋಳದ ಸುಗ್ಗಿಯಲ್ಲಿ ಅಳತೆ ಮೀರಿ ಹೇರುವುದೂ ಟ್ರಾಲಿಗೇ. ಪ್ರತಿ ನಟ್ಟಿನಿಂದ ಡಿಸ್ಕಿನ ಮೇಲೆ ಬರುವಂತೆ ಬಿಳಿಯ ಬಣ್ಣದಲ್ಲಿ ಒಂದು ಗೆರೆಯನ್ನು ಎಳೆದಿಟ್ಟರೆ, ನಟ್ಟು ತಿರುಗಿದ ದಿನ ಗೆರೆಯು ಮುರಿದು ಕಾಣುತ್ತದೆ. ಬೆಳಿಗ್ಗೆ ಅಂಗಳ ಸಾರಿಸುವ ಮನೆಯಾಕೆಯೂ ಅದನ್ನು ಕಂಡು ಹೇಳಬಲ್ಲಳು. ಗೆರೆಯು ನೆಟ್ಟಗಿದ್ದರೂ ನಿಧಾನವಾಗಿ ಹೋಗುವಾಗ ಟಕಟಕ ಸದ್ದೋ, ಸ್ಟೇರಿಂಗಿನಲ್ಲಿ ಹೊಸ ನಡುಕವೋ ಬಂದರೆ, ಅಲ್ಲಿಯೇ ಇಳಿದು ನೋಡತಕ್ಕದ್ದು. ಎಡಗಾಲಿಗೆ ಉಲ್ಟಾ ತಿರುಪಿರುವ ಗಾಡಿಯಾದರೆ, ಆ ಡಿಸ್ಕಿನ ಮೇಲೆ ಬಿಚ್ಚುವ ದಿಕ್ಕಿಗೆ ಒಂದು ಬಾಣವನ್ನೂ, ಅದರ ಕೆಳಗೆ ‘ಉಲ್ಟಾ’ ಎಂಬ ಎರಡಕ್ಷರವನ್ನೂ ಅದೇ ಬಿಳಿಯ ಬಣ್ಣದಲ್ಲಿ ಬರೆಯಿಸಿಡಿರಿ. ನಡುರಾತ್ರಿ ಹೆದ್ದಾರಿಯ ಪಕ್ಕದಲ್ಲಿ ನಿದ್ದೆಗಣ್ಣಿನಿಂದ ಎದ್ದುಬರುವ ಪಂಕ್ಚರ್ ಅಂಗಡಿಯ ಹುಡುಗನಿಗೆ ಅಷ್ಟು ಸಾಕು.